ಮನೆಗೆ ನೆಲ, ನೆಲಕ್ಕೆ ಕರಾರು



ಹಳ್ಳಿಯ ವಸತಿಯ ಮಾತು ಬಂದಾಗಲೆಲ್ಲ ನಾವು ಮನೆಗಳನ್ನು ಎಣಿಸಲು ಕೂರುತ್ತೇವೆ. ಈ ವರ್ಷದ ಗುರಿ ಎಷ್ಟು, ತಳಪಾಯದಲ್ಲಿ ಎಷ್ಟು, ಲಿಂಟಲ್ ಮಟ್ಟಕ್ಕೆ ಬಂದವು ಎಷ್ಟು, ಚಾವಣಿ ಬಿದ್ದದ್ದು ಎಷ್ಟು, ಬಿಲ್ಲು ಬಾಕಿ ಎಷ್ಟು. ತಾಲ್ಲೂಕು ಪಂಚಾಯಿತಿಯ ಪ್ರಗತಿ ಪರಿಶೀಲನಾ ಸಭೆಯಲ್ಲಿ ಅರ್ಧ ದಿನ ಇದೇ ನಡೆಯುತ್ತದೆ. ಈ ಲೆಕ್ಕ ಬೇಕು. ಆದರೆ ಆ ಮನೆ ನಿಂತಿರುವ ನೆಲ ಯಾರ ಕೈಯಿಂದ ಯಾರ ಕೈಗೆ ಬಂತು, ಬರುವಾಗ ಏನು ಕರಾರಾಯಿತು, ಕರಾರು ಯಾವ ಕಾಗದದಲ್ಲಿದೆ ಎಂದು ಕೇಳುವವರನ್ನು ನಾನು ಹೆಚ್ಚು ಕಂಡಿಲ್ಲ. ಹಣ ಇದ್ದೂ ಮನೆ ಏಳದ ಊರುಗಳಲ್ಲಿ, ಮನೆ ಎದ್ದೂ ಜನ ನಿಲ್ಲದ ಬಡಾವಣೆಗಳಲ್ಲಿ ವಿಚಾರಿಸಿದರೆ ಉತ್ತರ ಬಹಳ ಸಲ ಅಲ್ಲಿಯೇ ಸಿಗುತ್ತದೆ. ನೆಲ ಬಂದಿರುತ್ತದೆ, ಅದರ ಜೊತೆಗೆ ಬರಬೇಕಾದ ಮಾತು ಬಂದಿರುವುದಿಲ್ಲ. ಇವತ್ತು ನಾನು ಆ ಮಾತಿನ ಬಗ್ಗೆಯೇ ಹೇಳಬೇಕೆಂದಿದ್ದೇನೆ. ಒಂದು ಸ್ಥಳೀಯ ಸಂಸ್ಥೆಯ ಎಲ್ಲೆಯಲ್ಲಿರುವ ನೆಲ ಇನ್ನೊಂದರ ವಸತಿಗೋ ಕಾಮಗಾರಿಗೋ ಹೋಗುವಾಗ ಇಬ್ಬರ ನಡುವೆ ಬರಹದಲ್ಲಿ ಒಡಂಬಡಿಕೆ ಇರಬೇಕು, ಅದು ಎರಡೂ ಊರಿನವರಿಗೆ ಗೊತ್ತಿರಬೇಕು.

ಸಂವಿಧಾನದ ಹನ್ನೊಂದನೇ ಅನುಸೂಚಿಯನ್ನು ತೆರೆದು ನೋಡಿ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆಂದು 29 ವಿಷಯಗಳನ್ನು ಅಲ್ಲಿ ಪಟ್ಟಿ ಮಾಡಿತು. ಹತ್ತನೆಯದು ಗ್ರಾಮೀಣ ವಸತಿ, ಹನ್ನೊಂದನೆಯದು ಕುಡಿಯುವ ನೀರು, ಹನ್ನೆರಡನೆಯದು ಸೌದೆ ಮತ್ತು ಮೇವು, ಹದಿಮೂರನೆಯದು ರಸ್ತೆ, ಮೋರಿ, ಸೇತುವೆ. ನಾಲ್ಕೂ ಸಾಲಾಗಿ ಕೂತಿವೆ. ಬರೆದವರು ಬೇಕೆಂದೇ ಹಾಗೆ ಜೋಡಿಸಿದರೋ ಇಲ್ಲವೋ, ಊರು ಎಂದರೆ ಏನು ಎಂದು ಒಬ್ಬ ರೈತ ಹೆಂಗಸನ್ನು ಕೇಳಿದರೆ ಹೆಚ್ಚುಕಡಿಮೆ ಈ ಅನುಕ್ರಮದಲ್ಲೇ ಹೇಳುತ್ತಾಳೆ. ಆದರೆ ಈ ನಾಲ್ಕಕ್ಕೂ ಬೇಕಾದ ನೆಲ ಪಂಚಾಯಿತಿಯದ್ದಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 67ನೇ ಕಲಂ ಪ್ರಕಾರ ಖಾಸಗಿಯವರದ್ದಲ್ಲದ ನೆಲವೆಲ್ಲ ಸರ್ಕಾರದ್ದು. 71ನೇ ಕಲಂ ಅದನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಡುತ್ತದೆ. ಹೀಗಾಗಿ ವಸತಿಯ ಹೊಣೆ ಪಂಚಾಯಿತಿಯ ಹೆಗಲ ಮೇಲೆ, ನೆಲದ ಬೀಗದ ಕೈ ಕಂದಾಯ ಇಲಾಖೆಯ ಸೊಂಟದಲ್ಲಿ.

ನೆಲ ಹೊರಡುವ ದಾರಿ ಇಲ್ಲಿ ಕುಳಿತ ಪಂಚಾಯಿತಿ ಸದಸ್ಯರಿಗೆ ಗೊತ್ತು. ನಿವೇಶನರಹಿತರ ಪಟ್ಟಿ ಗ್ರಾಮಸಭೆಯಲ್ಲಿ ಆಗುತ್ತದೆ. ಪಿಡಿಒ ತಹಶೀಲ್ದಾರರಿಗೆ ಬರೆಯುತ್ತಾರೆ. ಗ್ರಾಮ ಆಡಳಿತಾಧಿಕಾರಿಗಳು, ಕಂದಾಯ ನಿರೀಕ್ಷಕರು ಲಭ್ಯವಿರುವ ಸರ್ವೆ ನಂಬರ್ ಹುಡುಕುತ್ತಾರೆ. ಭೂಮಾಪಕರು ಬಂದು ನಕಾಶೆ ಮಾಡುತ್ತಾರೆ. ಕಡತ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳ ತನಕ ಹೋಗಿ ಒಂದು ದಿನ ಆದೇಶ ಬರುತ್ತದೆ: ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಎಕರೆಯನ್ನು ಗೋಮಾಳದ ವಿಸ್ತೀರ್ಣದಿಂದ ತಗ್ಗಿಸಿ ಆಶ್ರಯ ನಿವೇಶನಗಳಿಗೆ ಕಾಯ್ದಿರಿಸಿದೆ. ಆದೇಶ ಎರಡು ಪುಟ. ಅದರಲ್ಲಿ ಚೆಕ್ಕುಬಂದಿ ಇರುತ್ತದೆ, ಷರತ್ತುಗಳೂ ಇರುತ್ತವೆ: ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಬಾರದು, ಇಷ್ಟು ಕಾಲದೊಳಗೆ ಬಳಸಬೇಕು. ಆ ನೆಲಕ್ಕೆ ಹೋಗುವ ದಾರಿ ಯಾವುದು, ನೀರು ಎಲ್ಲಿಂದ, ಬಚ್ಚಲ ನೀರು ಎಲ್ಲಿಗೆ, ಇಲ್ಲಿ ಮೇಯುತ್ತಿದ್ದ ದನ ನಾಳೆ ಎಲ್ಲಿಗೆ ಎಂಬುದಕ್ಕೆ ಸಾಲು ಇರುವುದಿಲ್ಲ.

ಗೋಮಾಳದ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮ ನಿಯಮಗಳೇ ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕೆನ್ನುತ್ತವೆ. ಕಡತದ ಮೇಲೆ ಅದು ಖಾಲಿ ಜಾಗ. ಊರಿನಲ್ಲಿ ಅದು ಕುರಿಗಾಹಿಯ ಬೇಸಿಗೆ, ಹಾಲಿನ ಡೇರಿಗೆ ಅರ್ಧ ಕ್ಯಾನು ಹಾಕುವ ಹೆಂಗಸಿನ ಮೇವು, ಜಾತ್ರೆಯ ಮೈದಾನ, ಕೆರೆಗೆ ನೀರು ಹರಿದು ಬರುವ ಇಳಿಜಾರು. ಕಣ್ಣಿಗೆ ಬೀಳುವ ಬೆಳೆ ಇಲ್ಲದ್ದರಿಂದ ಅದನ್ನು ಬಿಟ್ಟಿ ನೆಲ ಎಂದು ತಿಳಿಯುವುದು ಸುಲಭ. ಸೊಪ್ಪಿನಬೆಟ್ಟ, ಗುಂಡುತೋಪು, ಹುಲ್ಲುಬನ್ನಿ ಇವುಗಳಿಗೂ ಇದೇ ಗತಿಯಾಗಿದೆ. ಬ ಖರಾಬು ಎಂದು ಬರೆದಿರುವ ದಾರಿ, ಹಳ್ಳ, ಸ್ಮಶಾನಗಳನ್ನೂ ಒತ್ತುವವರು ಬಿಟ್ಟಿಲ್ಲ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ನೆಲದ ಒತ್ತುವರಿಯನ್ನು ತೆರವು ಮಾಡಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ಅದೇ ತೀರ್ಪು ಒಂದು ಕಿಟಕಿಯನ್ನೂ ತೆರೆದಿಟ್ಟಿತು. ಭೂಮಿಯಿಲ್ಲದ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರದ ಅಧಿಸೂಚನೆಯ ಮೂಲಕ ಕೊಟ್ಟದ್ದನ್ನು, ಶಾಲೆ ಆಸ್ಪತ್ರೆಗಳಂಥ ಸಾರ್ವಜನಿಕ ಸೌಕರ್ಯ ಆಗಲೇ ಇರುವ ಜಾಗವನ್ನು ಸಕ್ರಮ ಮಾಡಬಹುದೆಂದಿತು. ಈ ಎರಡು ಮಾತನ್ನು ಒಟ್ಟಿಗೆ ಓದಬೇಕು. ಬಡವರ ಮನೆಗೆ ಊರೊಟ್ಟಿನ ನೆಲದಲ್ಲಿ ಪಾಲುಂಟು. ಆದರೆ ಆ ಪಾಲು ತೆಗೆಯುವಾಗ ಅದೇ ಬಡವರ ಹಸು ಕುರಿಗಳ ಪಾಲನ್ನು ಸದ್ದಿಲ್ಲದೆ ಅಳಿಸಿಹಾಕುವುದು ಸಲ್ಲದು. ಒಂದೇ ಮನೆಯ ಬಲಗೈಗೆ ಕೊಟ್ಟು ಎಡಗೈಯಿಂದ ಕಿತ್ತುಕೊಂಡ ಹಾಗೆ ಅದು.

ಇದು ಒಂದೇ ಊರಿನೊಳಗಿನ ಮಾತಾಯಿತು. ಎಲ್ಲೆ ದಾಟಿದಾಗ ಕೆಲಸ ಇನ್ನೂ ತೊಡಕಾಗುತ್ತದೆ. ನೀರಾವರಿಯ ಊರುಗಳಲ್ಲಿ ಸರ್ಕಾರಿ ನೆಲವೆಂಬುದು ಹುಡುಕಿದರೂ ಸಿಗುವುದು ಕಷ್ಟ, ಪಕ್ಕದ ಮಳೆಯಾಶ್ರಿತ ಪಂಚಾಯಿತಿಯಲ್ಲಿ ಇರುತ್ತದೆ. ಆಗ ಒಂದು ಪಂಚಾಯಿತಿಯ ಫಲಾನುಭವಿಗಳಿಗೆ ಇನ್ನೊಂದು ಪಂಚಾಯಿತಿಯ ಗೋಮಾಳದಲ್ಲಿ ಜಾಗ ಹುಡುಕುತ್ತಾರೆ. ಪಟ್ಟಣಗಳದ್ದು ಇದೇ ಕಥೆಯ ದೊಡ್ಡ ರೂಪ. ಪುರಸಭೆಯ ಎಲ್ಲೆಯೊಳಗೆ ನಿವೇಶನರಹಿತರಿಗೆ ಕೊಡಲು ನೆಲವಿಲ್ಲ. ಊರಾಚೆ ನಾಲ್ಕಾರು ಕಿಲೋಮೀಟರ್ ದೂರದ ಹಳ್ಳಿಯ ಸರ್ವೆ ನಂಬರಿನಲ್ಲಿ ಆಶ್ರಯ ಬಡಾವಣೆ ಏಳುತ್ತದೆ. ಫಲಾನುಭವಿಗಳನ್ನು ಆರಿಸಿದ್ದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ನೆಲ ಇರುವುದು ಗ್ರಾಮ ಪಂಚಾಯಿತಿಯಲ್ಲಿ. ಇನ್ನು ಬೀದಿದೀಪ ಕೆಟ್ಟರೆ ಯಾರನ್ನು ಕೇಳಬೇಕು? ಪಟ್ಟಣದ ಕಚೇರಿ, ಅದು ನಮ್ಮ ಸರಹದ್ದಿಗೆ ಬರುವುದಿಲ್ಲ ಅನ್ನುತ್ತದೆ. ಪಂಚಾಯಿತಿ, ಬಡಾವಣೆ ನಮಗೆ ಹಸ್ತಾಂತರವಾಗಿಲ್ಲ ಅನ್ನುತ್ತದೆ. ಇಬ್ಬರೂ ಹೇಳುವುದು ನಿಜವೇ. ನಡುವೆ ಸಿಕ್ಕವರು ಮಾತ್ರ ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಾರೆ, ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗದೆ ಬ್ಯಾಂಕಿನಿಂದ ವಾಪಸು ಬರುತ್ತಾರೆ, ಪಡಿತರ ಚೀಟಿಯಲ್ಲಿ ಒಂದು ವಿಳಾಸ, ಮತದಾರರ ಪಟ್ಟಿಯಲ್ಲಿ ಇನ್ನೊಂದು ವಿಳಾಸ ಇಟ್ಟುಕೊಂಡು ಬದುಕುತ್ತಾರೆ.

ಇಂಥ ತೊಡಕನ್ನು ಬಿಡಿಸಲು ಸಂವಿಧಾನದಲ್ಲಿ ಜಾಗ ಇಲ್ಲವೇ ಎಂದರೆ, ಇದೆ. 74ನೇ ತಿದ್ದುಪಡಿ ತಂದ 243 ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕೆನ್ನುತ್ತದೆ. ಪಂಚಾಯಿತಿಗಳಿಗೂ ನಗರಸಭೆಗಳಿಗೂ ಸಮಾನ ಹಿತದ ವಿಷಯಗಳನ್ನು, ಅಂದರೆ ನೆಲದ ಯೋಜನೆ, ನೀರು ಮತ್ತಿತರ ಸಂಪನ್ಮೂಲಗಳ ಹಂಚಿಕೆ, ಮೂಲಸೌಕರ್ಯಗಳ ಕೂಡು ಬೆಳವಣಿಗೆ, ಪರಿಸರ ರಕ್ಷಣೆ, ಇವನ್ನೆಲ್ಲ ಆ ಸಮಿತಿ ಲಕ್ಷ್ಯದಲ್ಲಿಡಬೇಕೆಂದು ಅದು ಬಿಡಿಸಿ ಹೇಳುತ್ತದೆ. ಎರಡು ಸ್ಥಳೀಯ ಸಂಸ್ಥೆಗಳು ಎದುರುಬದುರು ಕೂತು ನೆಲದ ಮಾತಾಡಲು ಇದಕ್ಕಿಂತ ತಕ್ಕ ಚಾವಡಿ ಬೇಕಿಲ್ಲ. ಆದರೆ ಆ ಸಮಿತಿಯ ಸಭೆಗಳು ಬಹುಪಾಲು ಕಡೆ ಇಲಾಖೆಗಳ ಯೋಜನಾ ಪಟ್ಟಿಗಳನ್ನು ಒಟ್ಟುಗೂಡಿಸಿ ಮಂಜೂರು ಮಾಡುವಲ್ಲಿಗೆ ಮುಗಿಯುತ್ತವೆ. ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತುಗಳನ್ನು ಕಟ್ಟಿದ ನಾಡಿನಲ್ಲಿ ಹೀಗಾಗುತ್ತಿರುವುದು ನನಗೆ ನೋವಿನ ಸಂಗತಿ.

ಮಾತಿಲ್ಲದೆ ನೆಲ ಹೋದರೆ ಏನಾಗುತ್ತದೆ ಎನ್ನಲು ಬೆಂಗಳೂರಿನ ಅಂಚಿನ 110 ಹಳ್ಳಿಗಳೇ ಸಾಕ್ಷಿ. 2007ರ ಜನವರಿಯಲ್ಲಿ ಏಳು ನಗರಸಭೆ, ಒಂದು ಪುರಸಭೆಯ ಜೊತೆಗೆ ಆ ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಪಂಚಾಯಿತಿಗಳ ಕಟ್ಟಡ, ಕೆರೆ, ಗುಂಡುತೋಪು, ತೆರಿಗೆಯ ಪುಸ್ತಕ ಎಲ್ಲ ಪಾಲಿಕೆಗೆ ಹೋಯಿತು. ತೆರಿಗೆ ಆಗಿನಿಂದಲೇ ನಗರದ್ದು. ಕಾವೇರಿ ಐದನೇ ಹಂತದ, ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಆ ಹಳ್ಳಿಗಳಿಗಾಗಿ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ 17 ವರ್ಷ ಅವರು ಕೊಳವೆಬಾವಿ, ಟ್ಯಾಂಕರುಗಳಲ್ಲಿ ದೂಡಿದರು. ಸೇರ್ಪಡೆಯ ದಿನವೇ ನೀರಿಗೂ ಚರಂಡಿಗೂ ಒಂದು ಗಡುವನ್ನು ಬರೆದು ಸಹಿ ಹಾಕಿದ್ದರೆ ಕೇಳಲು ಒಂದು ಕಾಗದವಾದರೂ ಕೈಲಿರುತ್ತಿತ್ತು. ಇವತ್ತು ರಾಜ್ಯದ ಅನೇಕ ಕಡೆ ಗ್ರಾಮ ಪಂಚಾಯಿತಿಗಳು ಪಟ್ಟಣ ಪಂಚಾಯಿತಿಗಳಾಗುತ್ತಿವೆ, ನಗರಸಭೆಗಳು ಹಳ್ಳಿಗಳನ್ನು ಸೇರಿಸಿಕೊಂಡು ಪಾಲಿಕೆಗಳಾಗುತ್ತಿವೆ. ಆ ಸದಸ್ಯರಿಗೆಲ್ಲ ನನ್ನದೊಂದು ಬಿನ್ನಹ: ಅಧಿಸೂಚನೆಯ ಕರಡಿಗೆ ಆಕ್ಷೇಪಣೆ ಕರೆದಾಗ ಬರೀ ಬೇಕು ಬೇಡ ಎಂದು ಬರೆಯಬೇಡಿ, ಕರಾರು ಬರೆಯಿರಿ.

ಇನ್ನು ಶರಾವತಿ ಮುಳುಗಡೆಯ ಮಾತಿಗೆ ಬರುತ್ತೇನೆ. ಅದು ಎರಡು ಪಂಚಾಯಿತಿಗಳ ನಡುವಿನದ್ದಲ್ಲ, ಸರ್ಕಾರದ ಎರಡು ಇಲಾಖೆಗಳ ನಡುವಿನದ್ದು. ಆದರೂ ಕಾಗದ ಅರ್ಧಕ್ಕೆ ನಿಂತರೆ ಜನರ ಮೇಲೆ ಏನು ಬೀಳುತ್ತದೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಪಾಠ ನಮ್ಮ ನಾಡಿನಲ್ಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ಸೀಮೆಯ ಊರುಗಳು, ಅಡಿಕೆ ತೋಟಗಳು, ಭತ್ತದ ಗದ್ದೆಗಳು ನೀರಿನಡಿಗೆ ಹೋದವು. ಆ ಮುಳುಗಡೆಯ ಬದುಕನ್ನು ಕನ್ನಡದ ಓದುಗರು ನಾ. ಡಿಸೋಜ ಅವರ ಕಾದಂಬರಿಗಳಲ್ಲಿ ಕಂಡಿದ್ದಾರೆ. ಸಾವಿರಾರು ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡುನೆಲಕ್ಕೆ ಲಾರಿಗಳಲ್ಲಿ ತಂದು ಬಿಟ್ಟರು. ನೆಲ ಕೊಟ್ಟೆವೆಂದು ಆದೇಶಗಳಾದವು. ಜನ ಕಾಡು ಕಡಿದು ಹೊಲ ಮಾಡಿದರು, ಮನೆ ಕಟ್ಟಿದರು, ಶಾಲೆ ತರಿಸಿಕೊಂಡರು. ಆದರೆ ಅರಣ್ಯ ಇಲಾಖೆಯ ದಾಖಲೆಯಿಂದ ಆ ನೆಲ ಕಳಚಿ ಕಂದಾಯದ ದಾಖಲೆಗೆ ಸೇರುವ ಕೊನೆಯ ಹೆಜ್ಜೆ ಬಹಳ ಕಡೆ ಆಗಲಿಲ್ಲ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಒಕ್ಕಲಿನ ಹೆಸರು ಕೂರಲಿಲ್ಲ.

ಆಗ ಅದು ಸಣ್ಣ ಲೋಪದ ಹಾಗೆ ಕಂಡಿರಬಹುದು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಅರಣ್ಯದ ನೆಲವನ್ನು ಬೇರೆ ಬಳಕೆಗೆ ಬಿಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾಯಿತು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಬೇಕಿದ್ದ ಕಾಗದ ದೆಹಲಿಗೆ ಹೋಗಬೇಕಾದ ಕಡತವಾಯಿತು. ಅನಂತರ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಷನ್ ಆದೇಶಗಳನ್ನು ಆ ಅನುಮತಿ ಇಲ್ಲವೆಂಬ ಕಾರಣಕ್ಕೆ ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. ನ್ಯಾಯಾಲಯ ಕಾನೂನನ್ನು ಹೇಳಿತು, ಅದರಲ್ಲಿ ತಪ್ಪು ಹುಡುಕಲಾರೆ. ಕಾಡು ಉಳಿಯಬೇಕೆನ್ನುವವರ ಪೈಕಿ ನಾನೂ ಒಬ್ಬ. ಆದರೆ ನಾಡಿಗೆಲ್ಲ ಬೆಳಕು ಕೊಟ್ಟು ಮನೆ ಬಿಟ್ಟವರ ಮೊಮ್ಮಕ್ಕಳು ಅರವತ್ತು ವರ್ಷದ ಮೇಲೆ ತಾವು ಹುಟ್ಟಿದ ಅಂಗಳದಲ್ಲೇ ಒತ್ತುವರಿದಾರರೆನಿಸಿಕೊಂಡರು. ಸಾಲ ಸಿಗದೆ, ವಸತಿ ಯೋಜನೆಯ ಪಟ್ಟಿಗೆ ಹೆಸರು ಹತ್ತದೆ ಅವರು ಪಟ್ಟ ಪಾಡಿಗೆ ಮೂಲ, 1960ರ ದಶಕದಲ್ಲಿ ಪೂರ್ತಿಯಾಗದ ಒಂದು ಹಸ್ತಾಂತರ. ಅದೇ ಹಿನ್ನೀರಿನಿಂದ ತುಂಡಾದ ತುಮರಿ, ಕರೂರು ಸೀಮೆಯವರು ಹೊಳೆಬಾಗಿಲಿನ ಲಾಂಚನ್ನೇ ನಂಬಿ ಮೂರು ತಲೆಮಾರು ಕಳೆದರು. ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೆಲ ಪಡೆದುಕೊಂಡ ದಿನವೇ ದಾರಿಯ ಮಾತನ್ನು ಬರೆದಿದ್ದರೆ, ಬಸುರಿಯನ್ನು ರಾತ್ರಿ ಹೊತ್ತು ದಡದಲ್ಲಿ ಕೂರಿಸಿಕೊಂಡು ಬೆಳಗಾಗಲೆಂದು ಕಾಯುವ ಕಾಲ ಅಷ್ಟು ಉದ್ದ ಆಗುತ್ತಿರಲಿಲ್ಲ.

ಮನೆ ಎದ್ದೂ ಜನ ನಿಲ್ಲದ ಬಡಾವಣೆಗಳ ಮಾತು ಮೊದಲೇ ಬಂತು. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿದ ಆಸರೆ ಮನೆಗಳ ಪೈಕಿ ಹಲವು ಬಾಗಿಲು ಹಾಕಿಕೊಂಡೇ ಉಳಿದದ್ದು ನಿಮಗೆಲ್ಲ ಗೊತ್ತಿದೆ. ಹೊಲ ಹಳೆಯ ಊರಿನಲ್ಲಿ, ಮನೆ ಹೊಸ ಊರಿನಲ್ಲಿ, ದನ ಕಟ್ಟಲು ಎರಡೂ ಕಡೆ ಇಲ್ಲ. ಅದನ್ನು ಹೆಚ್ಚು ಬೆಳೆಸುವುದಿಲ್ಲ.

ತಾಂಡಾಗಳದ್ದು ಸ್ವಲ್ಪ ಬೇರೆ, ಅಲ್ಲಿ ಒಂದು ಒಳ್ಳೆಯ ದಾರಿ ಕಾಣುತ್ತದೆ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳು ತಲೆತಲಾಂತರದಿಂದ ಬೇರೊಂದು ಊರಿನ ಸರ್ವೆ ನಂಬರಿನೊಳಗೆ ಹೆಸರಿಲ್ಲದೆ ಇದ್ದವು. ಭೂಕಂದಾಯ ಕಾಯ್ದೆಗೆ ತಂದ ತಿದ್ದುಪಡಿಗಳ ಬಲದಿಂದ ಅವನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ಶುರುವಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಇಲ್ಲಿ ಆಗಿರುವುದು ಮೂಲ ಗ್ರಾಮದಿಂದ ನೆಲವನ್ನು ಬಿಡಿಸಿ ಹೊಸ ಗ್ರಾಮಕ್ಕೆ ಕೂಡಿಸುವ ಕೆಲಸ. ಹಕ್ಕುಪತ್ರ ಬಂದ ಮೇಲೆ ದಾರಿ, ಅಂಗನವಾಡಿ, ಸ್ಮಶಾನ ಬರಬೇಕು, ಅವು ಕೆಲವು ಕಡೆ ಬಂದಿವೆ, ಕೆಲವು ಕಡೆ ಬಾಕಿ. ಹೆಸರು ಮೊದಲು, ಸೌಕರ್ಯ ಹಿಂದಿನಿಂದ. ಕೇಳಲು ಒಂದು ಹೆಸರಂತೂ ಬಂತು.

ಹಾಗಾದರೆ ಒಡಂಬಡಿಕೆಯಲ್ಲಿ ಏನಿರಬೇಕು? ಜಿಲ್ಲಾಧಿಕಾರಿಯ ಆದೇಶಕ್ಕೆ ಅಂಟಿಕೊಂಡ, ಕೊಡುವ ಸಂಸ್ಥೆ ಮತ್ತು ಪಡೆಯುವ ಸಂಸ್ಥೆ ಎರಡೂ ಠರಾವು ಮಾಡಿ ಒಪ್ಪಿದ ಒಂದು ಪತ್ರ ನನ್ನ ಮನಸ್ಸಿನಲ್ಲಿದೆ. ಮೊದಲು ಹದ್ದುಬಸ್ತು ಆಗಬೇಕು, ಕಲ್ಲು ನೆಡಬೇಕು, ಪೋಡಿಯಾಗಿ ಹೊಸ ನಂಬರ್ ಬರಬೇಕು. ಹಕ್ಕುಪತ್ರ ಹಂಚುವ ಸಮಾರಂಭ ಅದಾದ ಮೇಲೆ. ಈ ಕ್ರಮ ಹಿಂದುಮುಂದಾದದ್ದರಿಂದಲೇ ಒಂದೇ ನಿವೇಶನಕ್ಕೆ ಇಬ್ಬರು ಹಕ್ಕುಪತ್ರ ಹಿಡಿದು ಜಗಳಾಡಿದ್ದಾರೆ. ನಿವೇಶನ ಎಣಿಸುವ ಮುನ್ನ ದಾರಿ, ಚರಂಡಿ, ನೀರಿನ ತೊಟ್ಟಿ, ಶಾಲೆ, ಸ್ಮಶಾನಕ್ಕೆ ನೆಲ ತೆಗೆದಿಡಬೇಕು. ಸ್ಮಶಾನವಿಲ್ಲದ ಊರುಗಳಿಗೆ ಜಾಗ ಒದಗಿಸಿ ಎಂದು ನಮ್ಮ ಹೈಕೋರ್ಟೇ ಸರ್ಕಾರಕ್ಕೆ ಹೇಳಬೇಕಾಗಿ ಬಂತು ಎನ್ನುವುದನ್ನು ಮರೆಯಬಾರದು. ನೀರಿನ ಮೂಲ ಕೊಡುವ ಊರಿನದ್ದಾದರೆ ಎಷ್ಟು ನೀರು, ಕೊಳವೆಬಾವಿ ಬತ್ತಿದರೆ ಯಾರ ಹೊಣೆ ಎಂದು ಬರೆಯಬೇಕು. ಬಡಾವಣೆ ಯಾವ ಸಂಸ್ಥೆಗೆ ತೆರಿಗೆ ಕಟ್ಟುತ್ತದೋ ಅದೇ ಸಂಸ್ಥೆ ದೀಪ, ಕಸ ನೋಡಿಕೊಳ್ಳಬೇಕು. ಹಸ್ತಾಂತರದ ತಾರೀಖನ್ನು ಆವತ್ತೇ ನಮೂದಿಸಬೇಕು. ತಗ್ಗಿಸಿದ ಗೋಮಾಳಕ್ಕೆ ಬದಲಾಗಿ ಉಳಿದ ಗೋಮಾಳಕ್ಕೆ ಬೇಲಿ, ಮೇವಿನ ಗಿಡ, ನೀರಿನ ತೊಟ್ಟಿಯನ್ನು ಪಡೆಯುವ ಸಂಸ್ಥೆಯೇ ಮಾಡಿಸಿಕೊಡಲಿ. ಉದ್ಯೋಗ ಖಾತರಿಯಂಥ ಕೂಲಿ ಯೋಜನೆಯಲ್ಲಿ ಇದನ್ನು ಮಾಡಲು ಅಡ್ಡಿಯಿಲ್ಲ. ಹಕ್ಕುಪತ್ರ ಹೆಂಗಸಿನ ಹೆಸರಿನಲ್ಲಿ, ಇಲ್ಲವೇ ಇಬ್ಬರ ಹೆಸರಿನಲ್ಲಿ ಇರಬೇಕು.

ಹಣದ ಮಾತನ್ನೂ ಹೇಳಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗ 2016ರಲ್ಲಿ ಬಂದಾಗ ಬಯಲುಸೀಮೆಯ ಒಂದು ಮನೆಗೆ 1.20 ಲಕ್ಷ ರೂಪಾಯಿ ಎಂದು ಗೊತ್ತು ಮಾಡಿತು. ಅದು ಮನೆ ಕಟ್ಟಲು, ನೆಲ ಕೊಳ್ಳಲು ಅಲ್ಲ. ಭೂಮಿ ಇಲ್ಲದವರಿಗೆ ನೆಲ ಒದಗಿಸುವ ಹೊಣೆ ರಾಜ್ಯದ್ದು. ಸರ್ಕಾರಿ ನೆಲ ಇಲ್ಲದ ಕಡೆ ಕೊಂಡಾದರೂ ಕೊಡಬೇಕು. ಬಡವರ ನಿವೇಶನಕ್ಕೆಂದೇ ಖಾಸಗಿ ಭೂಮಿ ಸ್ವಾಧೀನ ಮಾಡಿಕೊಳ್ಳಲು ಕರ್ನಾಟಕ 1972ರಷ್ಟು ಹಿಂದೆಯೇ ಪ್ರತ್ಯೇಕ ಕಾಯ್ದೆ ಮಾಡಿತ್ತು. ಕೊಳ್ಳುವುದು ದುಬಾರಿಯೆಂದು ಗೋಮಾಳದ ಕಡೆಗೇ ಕೈ ಚಾಚುವ ಅಭ್ಯಾಸದಿಂದ, ಊರಿಗೆ ಅತಿ ದೂರದ, ಕಲ್ಲುಬಂಡೆಯ, ಹಳ್ಳದ ದಂಡೆಯ ನೆಲವೇ ಬಡವರ ಪಾಲಿಗೆ ಬಂದಿದೆ.

ಒಂದು ಆಕ್ಷೇಪಣೆ ಉಳಿಯುತ್ತದೆ. ಅದು ಗಟ್ಟಿಯಾದದ್ದು, ಅದಕ್ಕೆ ಉತ್ತರಿಸದೆ ಇಳಿಯಲಾರೆ. ಕೊಡುವ ಊರಿನ ಗ್ರಾಮಸಭೆಯನ್ನು ಕೇಳಿದರೆ ಅದು ಬೇಡ ಎನ್ನುತ್ತದೆ, ಆಗ ಬಡವರಿಗೆ ನೆಲವೇ ಸಿಗುವುದಿಲ್ಲ ಎನ್ನುತ್ತಾರೆ ಅಧಿಕಾರಿಗಳು. ಗೋಮಾಳದ ಮೇಲಿನ ಪ್ರೀತಿಯ ಹಿಂದೆ ಬೇರೆ ಮಾತು ಅಡಗಿರುತ್ತದೆಂಬುದು ನಮಗೆಲ್ಲ ಗೊತ್ತು. ದಲಿತರ ಕೇರಿ, ಅಲೆಮಾರಿಗಳ ಗುಡಿಸಲು ನಮ್ಮ ಊರ ಮಗ್ಗುಲಿಗೆ ಬರಬಾರದು ಎನ್ನುವ ಮಾತು ಅದು. ಉತ್ತರ ಪ್ರದೇಶದಲ್ಲಿ ದಲಿತರ ಮನೆಗಳಿಗೆಂದು ಭೂಸ್ವಾಧೀನ ಮಾಡಿದಾಗ ಜಮೀನಿನವರು ಸುಪ್ರೀಂ ಕೋರ್ಟಿಗೆ ಹೋದರು. ಚಮೇಲಿ ಸಿಂಗ್ ಪ್ರಕರಣವೆಂದು ಅದು ಹೆಸರಾಗಿದೆ. 1996ರ ಕಾನೂನು ವರದಿಗಳಲ್ಲಿ ಪ್ರಕಟವಾದ ಆ ತೀರ್ಪು ಸ್ವಾಧೀನವನ್ನು ಎತ್ತಿಹಿಡಿಯಿತು, ಸೂರಿನ ಹಕ್ಕು ಬದುಕುವ ಹಕ್ಕಿನ ಭಾಗ ಎಂದಿತು. ಅಷ್ಟಕ್ಕೇ ನಿಲ್ಲದೆ, ಸೂರು ಎಂದರೆ ನಾಲ್ಕು ಗೋಡೆ ಮತ್ತು ಮಾಡು ಮಾತ್ರವಲ್ಲ, ಸಾಕಷ್ಟು ಜಾಗ, ಗಾಳಿ ಬೆಳಕು, ಶುದ್ಧ ನೀರು, ವಿದ್ಯುತ್ತು, ನೈರ್ಮಲ್ಯ, ರಸ್ತೆ ಎಲ್ಲ ಅದರೊಳಗೆ ಬರುತ್ತವೆ ಎಂದು ಹೇಳಿತು.

ಆದ್ದರಿಂದ ನನ್ನ ನಿಲುವು ಇದು. ಎಷ್ಟು ಎಕರೆ, ಯಾವ ಮಗ್ಗುಲು, ಯಾವ ಕರಾರು ಎಂಬುದರ ಬಗ್ಗೆ ಕೊಡುವ ಊರಿಗೆ ಪೂರ್ತಿ ಮಾತಿರಲಿ. ಯಾರು ಬರಬೇಕು ಎಂಬುದರ ಬಗ್ಗೆ ಒಂದು ಮಾತೂ ಇರಬಾರದು. ಗ್ರಾಮಸಭೆಯ ನಡಾವಳಿಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯಿಸಲು ಪಿಡಿಒಗೆ ಸೂಚನೆ ಹೋಗಬೇಕು. ತಕರಾರು ನೆಲದ್ದಾದರೆ ಉಪವಿಭಾಗಾಧಿಕಾರಿ ಸ್ಥಳಕ್ಕೇ ಬಂದು ಎರಡೂ ಊರಿನವರ ಎದುರು ವಿಚಾರಣೆ ಮಾಡಲಿ. ತಕರಾರು ಜಾತಿಯದ್ದಾದರೆ ಅದನ್ನು ಕಡತಕ್ಕೇ ಸೇರಿಸಬಾರದು.

ಇಲ್ಲಿರುವ ಸದಸ್ಯರಲ್ಲಿ ಹಲವರ ಪಂಚಾಯಿತಿಗಳಲ್ಲಿ ಈಗಲೇ ಇಂಥ ಕಡತಗಳು ನಡೆಯುತ್ತಿವೆ ಎಂದು ಸಭೆಗೆ ಮುನ್ನ ಹೇಳಿದಿರಿ. ಮುಂದಿನ ಗ್ರಾಮಸಭೆಗೆ ಮೊದಲು ತಾಲ್ಲೂಕು ಕಚೇರಿಯಿಂದ ಆ ಸರ್ವೆ ನಂಬರಿನ ನಕಾಶೆ ಮತ್ತು ಪಹಣಿಯನ್ನು ತೆಗೆಸಿ, ಬ ಖರಾಬಿನಲ್ಲಿ ಯಾವ ದಾರಿ, ಯಾವ ಹಳ್ಳ ತೋರಿಸಿದೆಯೆಂದು ಪಕ್ಕದ ಪಂಚಾಯಿತಿಯವರನ್ನೂ ಕರೆದುಕೊಂಡು ನೆಲದ ಮೇಲೆ ನಡೆದು ನೋಡಿ. ಕುರಿ ಮೇಯಿಸುವವರನ್ನು ಮರೆಯದೆ ಕರೆಯಿರಿ. ಕಂಡದ್ದನ್ನು ಅಲ್ಲಿಯೇ ಬರೆದು, ಎರಡೂ ಕಡೆಯ ಅಧ್ಯಕ್ಷರ ಸಹಿ ಹಾಕಿಸಿ, ಜಿಲ್ಲಾಧಿಕಾರಿಯ ಆದೇಶ ಹೊರಡುವ ಮುನ್ನವೇ ಆ ಹಾಳೆ ಕಡತದಲ್ಲಿ ಸೇರುವಂತೆ ನೋಡಿಕೊಳ್ಳಿ.